ಹಡಗು ಬಾರದ ವಾರದಿಂದ ಲೆಕ್ಕ ಶುರು: ದ್ವೀಪದ ಕರೆಂಟಿಗೆ ಎಲ್‌ಎನ್‌ಜಿ ಯೋಜನೆ ಹಾಕುವ ಬಗೆ

ದಾವಣಗೆರೆಯಲ್ಲಿ ಕೂತು ಗ್ಯಾಸ್ ಎಂಜಿನ್ ಬಗ್ಗೆ ಮಾತಾಡುವುದು ಸುಲಭ. ದಾಭೋಲ್-ಬೆಂಗಳೂರು ಗ್ಯಾಸ್ ಪೈಪ್‌ಲೈನ್ ನಮ್ಮ ಜಿಲ್ಲೆಯನ್ನೂ ಚಿತ್ರದುರ್ಗವನ್ನೂ ದಾಟಿಕೊಂಡೇ ಹೋಗುತ್ತದೆ. ಬೆಸ್ಕಾಂ ಲೈನ್ ಇದೆ. ಕರೆಂಟ್ ಹೋದರೆ ಮಿಲ್ಲಿನ ಹಿಂದೆ ಡೀಸೆಲ್ ಜನರೇಟರ್ ಇದೆ. ಡೀಸೆಲ್ ಮುಗಿದರೆ ಹೈವೇ ಪಕ್ಕದಲ್ಲೇ ಬಂಕ್. ದ್ವೀಪದಲ್ಲಿ ಇಷ್ಟೆಲ್ಲ ಇರುವುದಿಲ್ಲ. ಹಡಗು ಬಂದರೆ ಇಂಧನ, ಬಾರದಿದ್ದರೆ ಕತ್ತಲೆ.

ದ್ವೀಪಕ್ಕೆ ಎಲ್‌ಎನ್‌ಜಿ, ಅಂದರೆ ತಣಿಸಿ ದ್ರವ ಮಾಡಿದ ನೈಸರ್ಗಿಕ ಅನಿಲ, ತಂದು ಕರೆಂಟ್ ಮಾಡುವುದು ಹೇಗೆ? ಇಲ್ಲಿನ ಎಂಜಿನಿಯರಿಂಗ್ ಹುಡುಗರು ಕೊನೆ ವರ್ಷದ ಪ್ರಾಜೆಕ್ಟಿಗೆ ಈ ವಿಷಯ ಹಿಡಿದುಕೊಂಡು ಬರುತ್ತಾರೆ. "ಸರ್, ಎಂಜಿನ್ ಯಾವ ಕಂಪನೀದು ಹಾಕೋಣ?" ಅನ್ನುವುದು ಮೊದಲ ಪ್ರಶ್ನೆ. "ಅದಿರಲಪ್ಪ, ಮಳೆಗಾಲದಲ್ಲಿ ಹಡಗು ಎಷ್ಟು ದಿನ ಬರಲ್ಲ, ಅದನ್ನ ಹೇಳು" ಅನ್ನುತ್ತೇನೆ. ಎಂಜಿನ್ ದುಡ್ಡು ಕೊಟ್ಟರೆ ಸಿಗುತ್ತದೆ. ಕಷ್ಟ ಇರುವುದು ಸಾಗಣೆಯಲ್ಲಿ, ಸಂಗ್ರಹದಲ್ಲಿ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಎಂಜಿನ್ ತಡವಾಗಿ ಬರುತ್ತದೆ.

ಲೆಕ್ಕಕ್ಕೆ ಒಂದು ಕಾಲ್ಪನಿಕ ದ್ವೀಪ ಇಟ್ಟುಕೊಳ್ಳೋಣ. ಸರಾಸರಿ ಲೋಡ್, ಅಂದರೆ ಒಂದು ಹೊತ್ತಿಗೆ ಬೇಕಾಗುವ ಕರೆಂಟ್, 2 ಮೆಗಾವ್ಯಾಟ್, ಸಂಜೆಯ ಗರಿಷ್ಠ 3.2, ನಡುರಾತ್ರಿಯ ಕನಿಷ್ಠ 1.1. ಈಗ ಡೀಸೆಲ್‌ನಲ್ಲಿ ನಡೆಯುತ್ತಿದೆ.

ಮೊದಲು: ಇದು ನಿಮಗೆ ಬೇಕಾ?

ಸರಾಸರಿ ಲೋಡ್ 1 ಮೆಗಾವ್ಯಾಟ್‌ಗಿಂತ ಕಡಿಮೆ ಇದ್ದರೆ ಎಲ್‌ಎನ್‌ಜಿ ಗೋಜಿಗೆ ಹೋಗಬೇಡಿ ಎಂದೇ ನನ್ನ ಅಭಿಪ್ರಾಯ. ಸೋಲಾರ್, ಬ್ಯಾಟರಿ, ಜೊತೆಗೆ ಒಂದು ಡೀಸೆಲ್ ಸೆಟ್ ಸಾಕು. ಎಲ್‌ಎನ್‌ಜಿಗೆ ಬೇಕಾದ ಟ್ಯಾಂಕು, ತರಬೇತಿ ಪಡೆದ ಜನ, ಪರವಾನಗಿ, ಇವುಗಳ ಖರ್ಚು ಲೋಡ್ ಚಿಕ್ಕದು ಅಂತ ಕಡಿಮೆಯಾಗುವುದಿಲ್ಲ. ದೊಡ್ಡ ಲೋಡ್ ಇದ್ದರೂ ಸೋಲಾರ್ ಮೊದಲು ಲೆಕ್ಕ ಹಾಕಿ. ಉಳಿದದ್ದಕ್ಕೆ ಮಾತ್ರ ಗ್ಯಾಸ್.

ಹಂತ 1: ಲೋಡ್ ಬರೆದುಕೊಳ್ಳಿ

ಒಂದು ವರ್ಷದ ಗಂಟೆ ಗಂಟೆಯ ಲೋಡ್ ಬೇಕು. ಸರಾಸರಿ ಒಂದೇ ಸಾಲದು. ಕನಿಷ್ಠ ಲೋಡ್ ಯಾಕೆ ಮುಖ್ಯ ಅನ್ನುವುದು ಹಂತ 5ರಲ್ಲಿ ಗೊತ್ತಾಗುತ್ತದೆ. ಮೂರು ನಾಲ್ಕು ವರ್ಷದಲ್ಲಿ ಐಸ್ ಪ್ಲಾಂಟ್, ರೆಸಾರ್ಟ್, ಉಪ್ಪುನೀರು ಸಿಹಿ ಮಾಡುವ ಘಟಕ ಬರುವುದಿದ್ದರೆ ಅದನ್ನೂ ಸೇರಿಸಿ.

ಹಂತ 2: ಮೆಗಾವ್ಯಾಟ್‌ನಿಂದ ಟನ್ನಿಗೆ

ನೈಸರ್ಗಿಕ ಅನಿಲವನ್ನು ಮೈನಸ್ 162 ಡಿಗ್ರಿಗೆ ತಣಿಸಿದರೆ ದ್ರವವಾಗುತ್ತದೆ, ಗಾತ್ರ ಸುಮಾರು 600 ಪಟ್ಟು ಕುಗ್ಗುತ್ತದೆ. ಒಂದು ಘನ ಮೀಟರ್ ದ್ರವದ ತೂಕ ಸುಮಾರು 450 ಕಿಲೋ, ಅಂದರೆ ನೀರಿನ ಅರ್ಧಕ್ಕಿಂತ ಕಡಿಮೆ. ಒಂದು ಟನ್‌ನಲ್ಲಿ ಎಂಜಿನ್‌ಗೆ ದಕ್ಕುವ ಶಾಖ ಸುಮಾರು 13.6 ಮೆಗಾವ್ಯಾಟ್-ಗಂಟೆ.

ನಮ್ಮ ದ್ವೀಪಕ್ಕೆ ದಿನಕ್ಕೆ 48 ಮೆಗಾವ್ಯಾಟ್-ಗಂಟೆ ಬೇಕು. ಎಂಜಿನ್ ದಕ್ಷತೆ ಶೇ 40 ಹಿಡಿಯಿರಿ. ಕ್ಯಾಟಲಾಗ್‌ನಲ್ಲಿ ಇನ್ನೂ ಜಾಸ್ತಿ ಇರುತ್ತದೆ, ಆದರೆ ಅದು ಪೂರ್ತಿ ಲೋಡಿನ ಅಂಕಿ. 48 ಅನ್ನು 0.4ರಿಂದ ಭಾಗಿಸಿದರೆ 120. ಅದನ್ನು 13.6ರಿಂದ ಭಾಗಿಸಿದರೆ 8.8. ಪ್ಲಾಂಟಿನ ಸ್ವಂತ ಬಳಕೆ ಸೇರಿಸಿ ದಿನಕ್ಕೆ 9 ಟನ್, ಅಂದರೆ 20 ಘನ ಮೀಟರ್ ದ್ರವ. ಈ 20 ಅನ್ನುವ ಅಂಕಿಯನ್ನು ಗೋಡೆ ಮೇಲೆ ಬರೆದಿಡಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಇದೇ ಕರೆಂಟಿಗೆ ಡೀಸೆಲ್ ದಿನಕ್ಕೆ ಸುಮಾರು 13,000 ಲೀಟರ್ ಬೇಕು. 200 ಲೀಟರಿನ ಬ್ಯಾರಲ್ ಆದರೆ 65. ಲಕ್ಷದ್ವೀಪಕ್ಕೆ ಬಹುಕಾಲ ಡೀಸೆಲ್ ಹೋಗಿದ್ದು ಹೀಗೆ ಬ್ಯಾರಲ್‌ಗಳಲ್ಲೇ.

ಹಂತ 3: ದಾರಿ ಆರಿಸಿ

ದ್ವೀಪಕ್ಕೆ ಎಲ್‌ಎನ್‌ಜಿ ತರುವುದಕ್ಕೆ ಮೂರು ದಾರಿ ಇವೆ. ಆಯ್ಕೆ ನಿಮ್ಮ ಇಷ್ಟದ್ದಲ್ಲ, ಗಾತ್ರವೇ ಆರಿಸುತ್ತದೆ.

ಮೊದಲನೆಯದು ಟ್ಯಾಂಕ್ ಕಂಟೇನರ್. ಮಾಮೂಲಿ 40 ಅಡಿ ಕಂಟೇನರ್ ಚೌಕಟ್ಟಿನೊಳಗೆ ಎರಡು ಗೋಡೆಯ, ನಡುವೆ ನಿರ್ವಾತ ಇರುವ ಟ್ಯಾಂಕ್. ಸುಮಾರು 17 ಟನ್ ಹಿಡಿಯುತ್ತದೆ. ಅದೇ ಕಂಟೇನರ್ ಲಾರಿ ಮೇಲೂ ಹೋಗುತ್ತದೆ, ಹಡಗಿನ ಮೇಲೂ ಹೋಗುತ್ತದೆ. ಪೋರ್ಚುಗಲ್‌ನ ಮಡೈರಾ ದ್ವೀಪ 2014ರಿಂದ ಹೀಗೇ ನಡೆಸುತ್ತಿದೆ. ಸಿನೆಸ್ ಟರ್ಮಿನಲ್‌ನಲ್ಲಿ (ದೊಡ್ಡ ಹಡಗಿನಿಂದ ಎಲ್‌ಎನ್‌ಜಿ ಇಳಿಸಿಟ್ಟುಕೊಳ್ಳುವ ಜಾಗ) ತುಂಬಿ, ರಸ್ತೆಯಲ್ಲಿ ಲಿಸ್ಬನ್‌ಗೆ ಒಯ್ದು, ಅಲ್ಲಿಂದ ಹಡಗಿನಲ್ಲಿ ದ್ವೀಪಕ್ಕೆ. ಬೇರೆ ಸಾಮಾನು ಒಯ್ಯುವ ಹಡಗಿನಲ್ಲೇ ಇವೂ ಹೋಗುತ್ತವೆ ಅನ್ನುವುದೇ ಇದರ ಜಾಣತನ.

ಎರಡನೆಯದು ಚಿಕ್ಕ ಎಲ್‌ಎನ್‌ಜಿ ಹಡಗು ಮತ್ತು ದಡದ ಮೇಲೆ ಟ್ಯಾಂಕುಗಳು. ಜಿಬ್ರಾಲ್ಟರ್ ದ್ವೀಪವಲ್ಲ, ಆದರೆ ಸ್ಪೇನ್ ಗ್ರಿಡ್‌ಗೆ ಜೋಡಣೆ ಇಲ್ಲದ್ದರಿಂದ ಕರೆಂಟಿನ ಮಟ್ಟಿಗೆ ದ್ವೀಪವೇ. ಅಲ್ಲಿ 80 ಮೆಗಾವ್ಯಾಟ್ ಪ್ಲಾಂಟಿಗೆ 1,000 ಘನ ಮೀಟರಿನ ಐದು ಟ್ಯಾಂಕ್ ಇವೆ.

ಮೂರನೆಯದು ತೇಲುವ ಸಂಗ್ರಹ. ಹಡಗನ್ನೇ ಟ್ಯಾಂಕ್ ಮಾಡಿ ಕಟ್ಟಿಹಾಕುವುದು. ಮಾಲ್ಟಾದ ಡೆಲಿಮಾರಾದಲ್ಲಿ 2017ರಿಂದ ಹಾಗಿದೆ. ಅದು ನೂರಾರು ಮೆಗಾವ್ಯಾಟ್ ಆಟ. ನಮ್ಮ 2 ಮೆಗಾವ್ಯಾಟ್‌ಗೆ ಅದರ ಮಾತೇ ಬೇಡ.

ನಮ್ಮ ದ್ವೀಪಕ್ಕೆ ಕಂಟೇನರೇ ಸರಿ. 20 ಮೆಗಾವ್ಯಾಟ್ ದಾಟಿದ ಮೇಲೆ ಚಿಕ್ಕ ಹಡಗಿನ ಲೆಕ್ಕ ತೆಗೆಯಿರಿ.

ತುಂಬುವ ಜಾಗ ಯಾವುದು? ಟರ್ಮಿನಲ್ ಇದ್ದರೆ ಸಾಲದು, ಲಾರಿ ತುಂಬುವ ವ್ಯವಸ್ಥೆ ಇರಬೇಕು. ಅರಬ್ಬಿ ಸಮುದ್ರದ ಕಡೆ, ದಕ್ಷಿಣದಲ್ಲಿ, ಕೊಚ್ಚಿಯ ಪುದುವೈಪ್ ಟರ್ಮಿನಲ್ ಇದೆ. 2013ರಲ್ಲಿ ಶುರುವಾದದ್ದು. ಲಕ್ಷದ್ವೀಪದಂಥ ಕಡೆಗೆ ಯೋಚಿಸುವವರು ಕೊಚ್ಚಿಯಿಂದಲೇ ಲೆಕ್ಕ ಹಾಕಬೇಕು. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೋಗುವುದು ನಮ್ಮವರಿಗೆ ಗೊತ್ತು, ಆದರೆ ಮಂಗಳೂರಿನಲ್ಲಿ ಎಲ್‌ಎನ್‌ಜಿ ಟರ್ಮಿನಲ್ ಇಲ್ಲ.

ಇನ್ನೊಂದು ವಿಷಯ. ತುಂಬಿದ 40 ಅಡಿ ಕಂಟೇನರ್ ಸುಮಾರು 30 ಟನ್ ತೂಗುತ್ತದೆ. ದ್ವೀಪದ ಜೆಟ್ಟಿಯಲ್ಲಿ ಆ ತೂಕ ಎತ್ತುವ ಕ್ರೇನ್ ಇದೆಯಾ? ಜೆಟ್ಟಿ ಆ ಭಾರ ತಡೆಯುತ್ತದಾ? ಲಗೂನ್‌ನಲ್ಲಿ, ಅಂದರೆ ದ್ವೀಪಕ್ಕೂ ಹವಳದ ದಿಬ್ಬಕ್ಕೂ ನಡುವೆ, ನೀರು ಎಷ್ಟು ಆಳ? ಲಕ್ಷದ್ವೀಪದಲ್ಲಿ ಲಗೂನ್ ಆಳವಿಲ್ಲದ ಕಡೆ ದೊಡ್ಡ ಹಡಗು ಹೊರಗೇ ನಿಲ್ಲುತ್ತದೆ. ಇಂಥ ಕಡೆ 20 ಅಡಿ ಕಂಟೇನರ್, ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಅಂತ ಹೋಗಬೇಕು. 20 ಅಡಿಯದ್ದರಲ್ಲಿ ಸುಮಾರು 8 ಟನ್ ಮಾತ್ರ ಹಿಡಿಯುತ್ತದೆ. ಎತ್ತಿ ಇಳಿಸುವ ಕೆಲಸ ಎರಡರಷ್ಟಾಗುತ್ತದೆ. ಜೆಟ್ಟಿಯ ಡ್ರಾಯಿಂಗ್ ಕೈಗೆ ಬರುವ ತನಕ ಕಂಟೇನರ್ ಆರ್ಡರ್ ಮಾಡಬೇಡಿ.

ಹಂತ 4: ಕಂಟೇನರ್ ಎಷ್ಟು ಬೇಕು

ಹುಡುಗರು ತಪ್ಪುವುದು ಇಲ್ಲೇ. "ದಿನಕ್ಕೆ 9 ಟನ್, ಕಂಟೇನರ್‌ಗೆ 17 ಟನ್, ಎರಡು ದಿನಕ್ಕೊಂದು ಕಂಟೇನರ್, ನಾಲ್ಕು ತಗೊಂಡರೆ ಸಾಕು" ಅನ್ನುತ್ತಾರೆ. ಖಾಲಿ ಕಂಟೇನರ್ ವಾಪಸ್ ಬರಬೇಕಲ್ವಾ?

ಒಂದು ಕಂಟೇನರ್‌ನ ಪೂರ್ತಿ ಸುತ್ತು ಬರೆಯಿರಿ. ಟರ್ಮಿನಲ್‌ನಲ್ಲಿ ಸರದಿ ಮತ್ತು ತುಂಬುವುದು 2 ದಿನ. ಬಂದರಿಗೆ ಒಯ್ದು ಹಡಗಿಗೆ ಕಾಯುವುದು 5. ಸಮುದ್ರ 2. ದ್ವೀಪದಲ್ಲಿ ಇಳಿಸಿ, ತನ್ನ ಸರದಿ ಬಂದು ಖಾಲಿಯಾಗುವುದು 5. ವಾಪಸ್ ಹಡಗಿಗೆ ಕಾಯುವುದು 4. ಸಮುದ್ರ 2, ಮತ್ತೆ ಟರ್ಮಿನಲ್‌ಗೆ 1. ಒಟ್ಟು 21 ದಿನ. ಸಮುದ್ರದ ಮೇಲೆ ಇರುವುದು 4 ದಿನ ಮಾತ್ರ ನೋಡಿ. ಉಳಿದದ್ದರಲ್ಲಿ ಹೆಚ್ಚಿನದು ಕಾಯುವುದೇ.

ಕಂಟೇನರ್ ಪೂರ್ತಿ ಖಾಲಿ ಮಾಡುವಂತಿಲ್ಲ. ತಳದಲ್ಲಿ ಸ್ವಲ್ಪ ದ್ರವ ಬಿಡಬೇಕು, ಇಲ್ಲದಿದ್ದರೆ ಟ್ಯಾಂಕ್ ಬಿಸಿಯಾಗಿ ಮುಂದಿನ ಸಲ ತುಂಬುವಾಗ ತಣಿಸುವುದಕ್ಕೇ ಅರ್ಧ ದಿನ ಹೋಗುತ್ತದೆ. ಹಾಗಾಗಿ ಬಳಕೆಗೆ 16 ಟನ್ ಹಿಡಿಯಿರಿ. ಅದು 1.8 ದಿನಕ್ಕೆ ಬರುತ್ತದೆ. 21 ಅನ್ನು 1.8ರಿಂದ ಭಾಗಿಸಿದರೆ 12 ಕಂಟೇನರ್. ಹವಾಮಾನ ಕೆಟ್ಟರೆ ಅಂತ 10 ದಿನದ ಮೀಸಲು ಇಟ್ಟರೆ ಇನ್ನೂ 6. ತಪಾಸಣೆಗೆ ಹೊರಗಿರುವವು 2. ಈ ಟ್ಯಾಂಕುಗಳಿಗೆ ಎರಡೂವರೆ ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇದೆ. ಒಟ್ಟು 20.

ಈಗ ಹಡಗು ವಾರಕ್ಕೊಮ್ಮೆ ಬದಲು ಹದಿನೈದು ದಿನಕ್ಕೊಮ್ಮೆ ಬರುತ್ತದೆ ಅಂತ ಹಾಕಿ ಇದೇ ಲೆಕ್ಕ ಮತ್ತೆ ಮಾಡಿ ನೋಡಿ. ಎಂಜಿನ್ ದಕ್ಷತೆಯಲ್ಲಿ ಶೇ 1 ಉಳಿಸುವುದಕ್ಕೆ ಒದ್ದಾಡುವವರು ಹಡಗಿನ ವೇಳಾಪಟ್ಟಿ ಬಗ್ಗೆ ಒಂದು ಫೋನ್ ಮಾಡಿರುವುದಿಲ್ಲ.

ಹಂತ 5: ಮಳೆಗಾಲದ ಸಂಗ್ರಹ, ಮತ್ತು ಸುಮ್ನೆ ಆವಿಯಾಗಿ ಹೋಗುವುದು

ಅರಬ್ಬಿ ಸಮುದ್ರದಲ್ಲಿ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಚಿಕ್ಕ ಸರಕು ಹಡಗುಗಳ ಓಡಾಟ ನಿಲ್ಲುತ್ತದೆ. ದೊಡ್ಡ ಹಡಗು ಬರಬಹುದು, ಆದರೆ ಅಲೆ ಜಾಸ್ತಿ ಇದ್ದರೆ ಇಳಿಸುವುದಕ್ಕೆ ಆಗುವುದಿಲ್ಲ. ಕಳೆದ ಹತ್ತು ವರ್ಷದ ಬಂದರಿನ ದಾಖಲೆ ತೆಗೆದು, ಸತತವಾಗಿ ಎಷ್ಟು ದಿನ ಸರಕು ಇಳಿಯಲಿಲ್ಲ ಅನ್ನುವ ಅತಿ ದೊಡ್ಡ ಅಂಕಿ ಹುಡುಕಿ. ಸರಾಸರಿ ಬೇಡ. ನಮ್ಮ ದ್ವೀಪಕ್ಕೆ ಅದು 21 ದಿನ ಅಂತ ಇಟ್ಟುಕೊಳ್ಳೋಣ.

21 ದಿನಕ್ಕೆ 20 ಘನ ಮೀಟರ್, ಅಂದರೆ 420. ಟ್ಯಾಂಕನ್ನು ಶೇ 90ರಷ್ಟು ಮಾತ್ರ ತುಂಬಬೇಕು, ತಳದಲ್ಲೂ ಸ್ವಲ್ಪ ಬಿಡಬೇಕು. ಬಳಕೆಗೆ ಸಿಗುವುದು ಶೇ 85. ಹಾಗಾದರೆ ಸುಮಾರು 500 ಘನ ಮೀಟರ್ ಜಾಗ ಬೇಕು: 100ರ ಐದು ಟ್ಯಾಂಕ್. ದೊಡ್ಡದೊಂದರ ಬದಲು ಐದು ಚಿಕ್ಕವು ಯಾಕೆ? ಒಂದು ಕೆಟ್ಟರೆ ನಾಲ್ಕು ಉಳಿಯುತ್ತವೆ. ಕಾರ್ಖಾನೆಯಲ್ಲಿ ಮಾಡಿ ತಂದು ಕೂರಿಸಬಹುದು, ದ್ವೀಪದಲ್ಲಿ ವೆಲ್ಡಿಂಗ್ ಕಡಿಮೆ.

ಪಶು ಆಸ್ಪತ್ರೆಯವರು ಕೃತಕ ಗರ್ಭಧಾರಣೆಗೆ ಇಟ್ಟುಕೊಳ್ಳುವ ದ್ರವ ಸಾರಜನಕದ ಕ್ಯಾನ್ ನೀವು ನೋಡಿರಬಹುದು. ಮುಚ್ಚಳ ಸಡಿಲ ಇರುತ್ತದೆ, ಮುಟ್ಟದಿದ್ದರೂ ದಿನಾ ಸ್ವಲ್ಪ ಕಡಿಮೆಯಾಗುತ್ತಾ ಹೋಗುತ್ತದೆ. ಎಲ್‌ಎನ್‌ಜಿ ಟ್ಯಾಂಕಿನಲ್ಲೂ ಅದೇ. ಆದರೆ ಇಲ್ಲಿ ಮುಚ್ಚಳ ಸಡಿಲ ಬಿಡುವಂತಿಲ್ಲ. ಆವಿ ಒಳಗೇ ಸೇರಿ ಒತ್ತಡ ಏರುತ್ತದೆ.

ದಿನಕ್ಕೆ ಶೇ 0.15 ಆವಿಯಾಗುತ್ತದೆ ಅಂತ ಹಿಡಿದರೆ, 500 ಘನ ಮೀಟರಿಗೆ 0.75 ಘನ ಮೀಟರ್, ಸುಮಾರು 340 ಕಿಲೋ. ಎಂಜಿನ್‌ಗೆ ಹಾಕಿದರೆ ಇದರಿಂದ ಸತತವಾಗಿ 75 ಕಿಲೋವ್ಯಾಟ್ ಬರುತ್ತದೆ. ಎಂಜಿನ್ ಓಡುತ್ತಿರುವ ತನಕ ತೊಂದರೆಯೇ ಇಲ್ಲ, ಮೊದಲು ಆವಿಯನ್ನೇ ತಿನ್ನಿಸಿ. ತೊಂದರೆ ಬರುವುದು ಎಂಜಿನ್ ನಿಂತಾಗ. ಸೋಲಾರ್ ಜಾಸ್ತಿ ಹಾಕಿದ ದ್ವೀಪದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಲೋಡೆಲ್ಲ ಸೋಲಾರೇ ಎತ್ತಿಬಿಡುತ್ತದೆ, ಗ್ಯಾಸ್ ಎಂಜಿನ್ ನಿಲ್ಲಿಸುತ್ತಾರೆ, ಟ್ಯಾಂಕಿನ ಒತ್ತಡ ಏರುತ್ತದೆ. ಕೆಲವು ಗಂಟೆ ಟ್ಯಾಂಕ್ ತಡೆದುಕೊಳ್ಳುತ್ತದೆ. ವಾರಗಟ್ಟಲೆ ನಿಂತರೆ ಸೇಫ್ಟಿ ವಾಲ್ವ್ ತೆರೆದು ಮೀಥೇನ್ ಗಾಳಿಗೆ ಹೋಗುತ್ತದೆ. ದುಡ್ಡೂ ಹೋಯಿತು, ಹವಾಮಾನಕ್ಕೂ ಕೆಟ್ಟದ್ದು. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ 28 ಪಟ್ಟು ಆಸುಪಾಸು ಬಿಸಿ ಹಿಡಿಯುತ್ತದೆ. ಅದಕ್ಕೇ ಕನಿಷ್ಠ ಲೋಡ್ ಬರೆದುಕೊಳ್ಳಿ ಅಂದದ್ದು.

ಇನ್ನೊಂದು ಸೂಕ್ಷ್ಮ ಇದೆ. ಆವಿಯಾಗುವುದು ಮೊದಲು ಮೀಥೇನ್. ಈಥೇನ್, ಪ್ರೊಪೇನ್ ಥರದ ಭಾರದ ಅಂಶಗಳು ಉಳಿಯುತ್ತವೆ. ಮಳೆಗಾಲ ಪೂರ್ತಿ ಇಟ್ಟ ಗ್ಯಾಸು ಸೆಪ್ಟೆಂಬರ್‌ನಲ್ಲಿ ತುಸು ಬೇರೆಯದೇ ಆಗಿರುತ್ತದೆ, ಎಂಜಿನ್ ನಾಕ್ ಆಗುವ, ಅಂದರೆ ಗ್ಯಾಸ್ ಒಳಗೆ ತಾನಾಗೇ ಸಿಡಿದು ಎಂಜಿನ್ ಬಡಿದುಕೊಳ್ಳುವ, ಸಂಭವ ಜಾಸ್ತಿ. ಹಳೆಯದನ್ನು ಮೊದಲು ಖಾಲಿ ಮಾಡುವ ಸರದಿ ಇಡಿ. ಹೊಸದನ್ನು ಹಳೆಯದರ ಮೇಲೆ ತುಂಬುವಾಗ ಭಾರದ್ದನ್ನು ಮೇಲಿನಿಂದ, ಹಗುರದ್ದನ್ನು ತಳದಿಂದ ಬಿಡಿ, ಆಗ ಬೆರೆಯುತ್ತದೆ. ಬೆರೆಯದೆ ಎರಡು ಪದರ ನಿಂತು, ಆಮೇಲೆ ಒಮ್ಮೆಲೇ ಮಗುಚಿ ಟನ್‌ಗಟ್ಟಲೆ ಆವಿ ನುಗ್ಗಿದ್ದು 1971ರಲ್ಲಿ ಇಟಲಿಯ ಲಾ ಸ್ಪೆಜಿಯಾದಲ್ಲಿ ಆಗಿದೆ. ಅದು ದೊಡ್ಡ ಟ್ಯಾಂಕ್. ಚಿಕ್ಕದರಲ್ಲಿ ಅಪಾಯ ಕಡಿಮೆ, ಆದರೂ ಈ ಅಭ್ಯಾಸ ಇರಲಿ.

ಹಂತ 6: ದ್ರವವನ್ನು ಮತ್ತೆ ಗ್ಯಾಸ್ ಮಾಡುವುದು

ಇದರ ಯಂತ್ರ ನೋಡುವುದಕ್ಕೆ ದ್ವೀಪಕ್ಕೆ ಹೋಗಬೇಕಿಲ್ಲ. ಕೋವಿಡ್ ಸಮಯದಲ್ಲಿ ದೊಡ್ಡ ಆಸ್ಪತ್ರೆಗಳ ಹಿತ್ತಲಲ್ಲಿ ದ್ರವ ಆಮ್ಲಜನಕದ ಟ್ಯಾಂಕ್ ಹಾಕಿದರಲ್ಲ, ಅದರ ಪಕ್ಕ ನೋಡಿ. ಉದ್ದುದ್ದ ಅಲ್ಯೂಮಿನಿಯಂ ಕೊಳವೆಗಳು, ಮೈತುಂಬ ರೆಕ್ಕೆ. ದ್ರವ ಒಳಬರುವ ಕಡೆ ಬಿಳಿ ಮಂಜುಗಡ್ಡೆ ಕಟ್ಟಿರುತ್ತದೆ, ಗ್ಯಾಸ್ ಹೊರಹೋಗುವ ಕಡೆ ಬರೀ ಬೆವರು. ಅಡಿಯಲ್ಲಿ ಸಿಮೆಂಟು ಯಾವಾಗಲೂ ಒದ್ದೆ. ಅದೇ ವೇಪರೈಸರ್. ಸುತ್ತಲಿನ ಗಾಳಿಯ ಶಾಖವೇ ಇಂಧನ, ಬೇರೆ ಖರ್ಚಿಲ್ಲ. ಮಂಜುಗಡ್ಡೆ ದಪ್ಪ ಆದಂತೆ ಶಾಖ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಹಾಗಾಗಿ ಎರಡು ಸೆಟ್ ಇಟ್ಟು, ಒಂದು ಕರಗುವಾಗ ಇನ್ನೊಂದು ಓಡಿಸಬೇಕು. ಕಡಲ ತೀರದ ತೇವದ ಗಾಳಿಯಲ್ಲಿ ಮಂಜು ಬೇಗ ಕಟ್ಟುತ್ತದೆ, ತಣ್ಣನೆ ಬಿಳಿ ಹೊಗೆಯಂತೆ ಗಾಳಿ ನೆಲದ ಮೇಲೆ ಹರಡುತ್ತದೆ. ರಸ್ತೆ ಪಕ್ಕ ಇಡಬೇಡಿ.

ಎಂಜಿನ್‌ನ ಬಿಸಿ ಕೂಲಿಂಗ್ ನೀರಿನಿಂದಲೂ ಇದೇ ಕೆಲಸ ಮಾಡಬಹುದು. ನಮ್ಮ ದ್ವೀಪಕ್ಕೆ ಬೇಕಾದ ಶಾಖ ಸುಮಾರು 90 ಕಿಲೋವ್ಯಾಟ್ ಮಾತ್ರ, ಎಂಜಿನ್ ಹೊರಚೆಲ್ಲುವುದರ ಒಂದು ಚೂರು. ಆದರೆ ಎಂಜಿನ್ ಚಾಲೂ ಆಗುವ ಮುಂಚೆ ಬಿಸಿನೀರು ಎಲ್ಲಿಂದ? ಗಾಳಿಯದ್ದೂ ಒಂದು ಇರಲೇಬೇಕು.

ಈ ತಂಪನ್ನು ಬಳಸಿಕೊಳ್ಳಬಹುದಾ ಅಂತ ಕೇಳುವವರಿದ್ದಾರೆ. ಮೀನುಗಾರರ ದ್ವೀಪ ಆದರೆ ಖಂಡಿತ. ದಿನಕ್ಕೆ 9 ಟನ್ ಆವಿಯಾಗುವಾಗ ಸಿಗುವ ತಂಪಿನಿಂದ ಕಾಗದದ ಮೇಲೆ 16 ಟನ್ ಐಸ್ ಆಗುತ್ತದೆ. ಅರ್ಧ ಸಿಕ್ಕರೂ ಐಸ್ ಪ್ಲಾಂಟಿನ ಕರೆಂಟ್ ಬಿಲ್ ಇಳಿಯುತ್ತದೆ. ಮೊದಲ ವರ್ಷ ಬೇಡ, ಜಾಗ ಮಾತ್ರ ಬಿಟ್ಟಿಡಿ.

ಹಂತ 7: ಈಗ ಎಂಜಿನ್

ದೊಡ್ಡದೆರಡರ ಬದಲು 1 ಮೆಗಾವ್ಯಾಟ್‌ನ ಐದು ತಗೊಳ್ಳಿ. ಗರಿಷ್ಠ ಲೋಡಿಗೆ ನಾಲ್ಕು ಓಡುತ್ತವೆ, ಒಂದು ರಿಪೇರಿಗೆ. ನಡುರಾತ್ರಿ 1.1 ಮೆಗಾವ್ಯಾಟ್‌ಗೆ ಎರಡು ಅರ್ಧ ಲೋಡಿನಲ್ಲಿ ಓಡುತ್ತವೆ. ಅದಕ್ಕಿಂತ ಕೆಳಗೆ ಗ್ಯಾಸ್ ಎಂಜಿನ್ ಓಡಿಸುವುದು ಒಳ್ಳೆಯದಲ್ಲ, ಸುಡದ ಮೀಥೇನ್ ಹೊಗೆಯಲ್ಲಿ ಜಾಸ್ತಿ ಹೋಗುತ್ತದೆ.

ಸ್ಪಾರ್ಕ್ ಎಂಜಿನ್ ಗ್ಯಾಸ್ ಒಂದರಲ್ಲೇ ಓಡುತ್ತದೆ. ಡ್ಯುಯಲ್ ಫ್ಯೂಯಲ್ ಎಂಜಿನ್ ಸ್ವಲ್ಪ ಡೀಸೆಲ್ ಕಿಡಿಗೆ ಬಳಸಿ ಗ್ಯಾಸ್‌ನಲ್ಲಿ ಓಡುತ್ತದೆ, ಗ್ಯಾಸ್ ಮುಗಿದರೆ ಪೂರ್ತಿ ಡೀಸೆಲ್‌ಗೆ ಬದಲಾಗುತ್ತದೆ. ಒಂಟಿ ದ್ವೀಪಕ್ಕೆ ನಾನು ಡ್ಯುಯಲ್ ಫ್ಯೂಯಲ್ ಪರ.

ಒಂದು ಎಚ್ಚರಿಕೆ: ಗ್ಯಾಸ್ ಎಂಜಿನ್ ಡೀಸೆಲ್‌ನಷ್ಟು ಚುರುಕಾಗಿ ಲೋಡ್ ಎತ್ತಿಕೊಳ್ಳುವುದಿಲ್ಲ. ಐಸ್ ಪ್ಲಾಂಟಿನ ಕಂಪ್ರೆಸರ್ ಒಮ್ಮೆಲೇ ಚಾಲೂ ಆದರೆ ಎಂಜಿನ್ ವೇಗ ತಗ್ಗಿ ಕರೆಂಟಿನ ಫ್ರೀಕ್ವೆನ್ಸಿ ಕುಸಿಯುತ್ತದೆ. ಬೆನ್ನಿಗೆ ಇಡೀ ರಾಜ್ಯದ ಗ್ರಿಡ್ ಇದ್ದಾಗ ಇದು ಗೊತ್ತೇ ಆಗುವುದಿಲ್ಲ, ದ್ವೀಪದಲ್ಲಿ ಊರೆಲ್ಲ ಕತ್ತಲೆ. ಚಿಕ್ಕ ಬ್ಯಾಟರಿಯೊಂದನ್ನು ಈ ಏಟು ತಡೆಯುವುದಕ್ಕೇ ಇಡಿ.

ಹಂತ 8: ಸುರಕ್ಷತೆ

ಮನೆಯ ಸಿಲಿಂಡರ್ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ. ಎಲ್‌ಎನ್‌ಜಿಗೆ ವಾಸನೆ ಇಲ್ಲ. ಸೋರಿದ್ದು ಮೂಗಿಗೆ ಗೊತ್ತಾಗುವುದಿಲ್ಲ, ಡಿಟೆಕ್ಟರ್ ಬೇಕೇ ಬೇಕು. ಗಾಳಿಯಲ್ಲಿ ಶೇ 5ರಿಂದ 15 ಇದ್ದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಬೆಚ್ಚಗಿನ ಮೀಥೇನ್ ಗಾಳಿಗಿಂತ ಹಗುರ, ಮೇಲೇರಿ ಹೋಗುತ್ತದೆ. ಆದರೆ ಈಗಷ್ಟೇ ಚೆಲ್ಲಿದ ತಣ್ಣನೆಯ ಆವಿ ಗಾಳಿಗಿಂತ ಭಾರ, ಚರಂಡಿ ಹಿಡಿದು ಹರಿಯುತ್ತದೆ.

ಚೆಲ್ಲಿದ ಎಲ್‌ಎನ್‌ಜಿ ಮೇಲೆ ನೀರು ಹಾಕಬೇಡಿ. ಇನ್ನೂ ಜೋರಾಗಿ ಕುದಿಯುತ್ತದೆ. ಬೆಂಕಿ ಹತ್ತಿದ್ದರೆ ಮೊದಲು ವಾಲ್ವ್ ಮುಚ್ಚಿ, ಆಮೇಲೆ ಒಣ ಪುಡಿ. ನೀರು ಪಕ್ಕದ ಟ್ಯಾಂಕ್ ತಣ್ಣಗಿಡುವುದಕ್ಕೆ ಮಾತ್ರ.

ಎರಡು ವಾಲ್ವ್ ನಡುವೆ ದ್ರವ ಸಿಕ್ಕಿಹಾಕಿಕೊಂಡರೆ ಬಿಸಿಯಾಗಿ ಪೈಪ್ ಒಡೆಯುತ್ತದೆ. ಡ್ರಾಯಿಂಗ್ ಕೈಗೆ ಬಂದಾಗ ಬೆರಳಿಟ್ಟು ನೋಡಿ, ಮುಚ್ಚಬಹುದಾದ ಪ್ರತಿ ಎರಡು ವಾಲ್ವ್ ನಡುವೆ ಒತ್ತಡ ಏರಿದರೆ ತಾನೇ ತೆರೆಯುವ ಒಂದು ರಿಲೀಫ್ ವಾಲ್ವ್ ಇದೆಯಾ ಅಂತ. ಮಾಮೂಲಿ ಕಬ್ಬಿಣ ಈ ಚಳಿಗೆ ಗಾಜಿನಷ್ಟು ಪೆಡಸಾಗುತ್ತದೆ. ದ್ರವ ತಾಗುವಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಶೇ 9 ನಿಕಲ್ ಸ್ಟೀಲೇ ಇರಬೇಕು. 1944ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಕಡಿಮೆ ನಿಕಲ್ ಇದ್ದ ಟ್ಯಾಂಕ್ ಒಡೆದು ನೂರಕ್ಕೂ ಹೆಚ್ಚು ಜನ ಸತ್ತರು.

ಕೆಲಸದವರ ಗ್ಲೌಸ್ ಸಡಿಲ ಇರಲಿ, ಥಟ್ಟನೆ ಕಳಚುವಂತೆ. ಪ್ಯಾಂಟಿನ ಕಾಲು ಬೂಟಿನ ಹೊರಗೆ ಇರಲಿ. ಒಳಗೆ ತುರುಕಿದರೆ ಚೆಲ್ಲಿದ್ದು ನೇರ ಬೂಟಿನೊಳಗೆ ಇಳಿಯುತ್ತದೆ.

ಹಂತ 9: ಪರವಾನಗಿ

ನಮ್ಮ ದೇಶದಲ್ಲಿ ಒತ್ತಡದ ಟ್ಯಾಂಕಿಗೆ ನಾಗ್ಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಅನುಮತಿ ಬೇಕು. 2016ರ ನಿಯಮಗಳು ಅನ್ವಯಿಸುತ್ತವೆ. ಎಲ್‌ಎನ್‌ಜಿ ಘಟಕದ ವಿನ್ಯಾಸಕ್ಕೆ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯದ ಒಐಎಸ್‌ಡಿ 194 ಮಾನದಂಡ ಇದೆ. ದ್ವೀಪಗಳ ಕರಾವಳಿಗೆ ಪ್ರತ್ಯೇಕ ನಿಯಮ ಇದೆ. ಹಡಗಿನಲ್ಲಿ ಕಂಟೇನರ್ ಅಪಾಯಕಾರಿ ಸರಕು, ಯುಎನ್ 1972 ಸಂಖ್ಯೆ ಅದರ ಮೈಮೇಲೆ ಇರಬೇಕು. ಪ್ರಯಾಣಿಕರ ಹಡಗಿನಲ್ಲಿ ಒಯ್ಯುತ್ತೇವೆ ಅಂತ ಲೆಕ್ಕ ಹಾಕಬೇಡಿ.

ಹಂತ 10: ದರ

ಗ್ಯಾಸಿನ ದರ ಡಾಲರ್‌ನಲ್ಲಿ, ಎಂಎಂಬಿಟಿಯು (ಶಾಖದ ಒಂದು ಅಳತೆ) ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಟನ್ ಅಂದರೆ ಸುಮಾರು 52 ಎಂಎಂಬಿಟಿಯು. ಇಲ್ಲೊಂದು ಗುಂಡಿ ಇದೆ. ಮಾರುವವರು ಹೇಳುವುದು ಒಟ್ಟು ಶಾಖ, ಎಂಜಿನ್ ಕಂಪನಿಯವರು ದಕ್ಷತೆ ಹೇಳುವುದು ನಿವ್ವಳ ಶಾಖದ ಮೇಲೆ. ಎರಡಕ್ಕೂ ಸುಮಾರು ಶೇ 10 ವ್ಯತ್ಯಾಸ. ಇದನ್ನು ಮರೆತರೆ ಯೂನಿಟ್ ದರ ಶೇ 10 ಅಗ್ಗವಾಗಿ ಕಾಣುತ್ತದೆ. ಒಂದು ಎಂಎಂಬಿಟಿಯುನಿಂದ ಶೇ 40 ದಕ್ಷತೆಯಲ್ಲಿ ಸುಮಾರು 105 ಯೂನಿಟ್ ಬರುತ್ತದೆ ಅಂತ ನೆನಪಿಟ್ಟುಕೊಳ್ಳಿ. ದ್ವೀಪ ತಲುಪಿದ ದರ 20 ಡಾಲರ್ ಆದರೆ ಬರೀ ಇಂಧನಕ್ಕೇ ಯೂನಿಟ್‌ಗೆ 19 ಸೆಂಟ್.

ತಲುಪಿದ ದರ ಅಂದರೆ ಟರ್ಮಿನಲ್ ದರದ ಮೇಲೆ ತುಂಬುವ ಶುಲ್ಕ, ಲಾರಿ, ಬಂದರು, ಹಡಗು, 20 ಕಂಟೇನರ್‌ಗಳ ಬಾಡಿಗೆ, ಖಾಲಿ ವಾಪಸ್ ಬರುವ ಖರ್ಚು, ದ್ವೀಪದ ಕೆಲಸಗಾರರು, ಎಲ್ಲ ಸೇರಿ. ಟರ್ಮಿನಲ್ ದರ ಅರ್ಧಕ್ಕಿಳಿದರೂ ಉಳಿದದ್ದು ಹಾಗೇ ಇರುತ್ತದೆ. ಡೀಸೆಲ್ ಜೊತೆ ಹೋಲಿಸುವಾಗ ಡೀಸೆಲ್‌ಗೂ ದ್ವೀಪ ತಲುಪಿದ ದರವನ್ನೇ ಹಿಡಿಯಿರಿ.

ಹಂತ 11: ಮೊದಲ ಸಲ ತುಂಬುವುದು

ಪೈಪ್, ಟ್ಯಾಂಕ್ ಒಣಗಿರಬೇಕು. ಒಂದು ಹನಿ ನೀರು ಉಳಿದರೂ ವಾಲ್ವ್‌ನಲ್ಲಿ ಮಂಜುಗಡ್ಡೆಯಾಗಿ ಕೂರುತ್ತದೆ. ಸಾರಜನಕ ಹಾಯಿಸಿ ಗಾಳಿ ಹೊರಹಾಕಿ. ಆಮೇಲೆ ತಣ್ಣನೆ ಗ್ಯಾಸ್, ಕೊನೆಗೆ ಸ್ವಲ್ಪ ಸ್ವಲ್ಪ ದ್ರವ. ಅವಸರ ಬೇಡ. ಮೇಲೆ ಬೆಚ್ಚಗೆ, ಕೆಳಗೆ ಕೊರೆಯುವ ಚಳಿ ಆದರೆ ಪೈಪ್ ಬಾಗುತ್ತದೆ. ತಣ್ಣಗಾದಂತೆ ಲೋಹ ಕುಗ್ಗುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಪೈಪು ಪೈಪು ಬೋಲ್ಟ್ ಹಾಕಿ ಜೋಡಿಸಿದ ಪ್ರತಿ ಫ್ಲ್ಯಾಂಜ್ ಮತ್ತೆ ಬಿಗಿ ಮಾಡಬೇಕು. ಇದನ್ನು ಅಕ್ಟೋಬರ್ ನಂತರ ಇಟ್ಟುಕೊಳ್ಳಿ. ಸಮುದ್ರ ಶಾಂತ ಇರುತ್ತದೆ, ಬಿಡಿಭಾಗ ಬೇಕಾದರೆ ಮುಂದಿನ ಹಡಗಿನಲ್ಲೇ ಬರುತ್ತದೆ, ಮುಂದಿನ ಮಳೆಗಾಲಕ್ಕೆ ಏಳು ತಿಂಗಳ ಅನುಭವ ಸಿಗುತ್ತದೆ.

ಹಳೆ ಡೀಸೆಲ್ ಸೆಟ್ ಮಾರಬೇಡಿ. ಗುಜರಿಯವರು ಒಳ್ಳೆ ರೇಟ್ ಹೇಳುತ್ತಾರೆ, ಆದರೂ ಬೇಡ. ತಿಂಗಳಿಗೊಮ್ಮೆ ಲೋಡ್ ಹಾಕಿ ಒಂದು ಗಂಟೆ ಓಡಿಸಿ, ಹತ್ತು ದಿನದ ಡೀಸೆಲ್ ಟ್ಯಾಂಕಿನಲ್ಲಿ ಇರಲಿ, ಮೇ ತಿಂಗಳ ಮೊದಲ ವಾರದಲ್ಲಿ ಅದನ್ನು ಡಿಪ್ ಕಡ್ಡಿ ಹಾಕಿ ನೀವೇ ಅಳೆದು ನೋಡಿ.